ಮಣಿಕಟ್ಟಿನ ನೀಲಿ ಚುಕ್ಕಿ

ಹುಟ್ಟುವಾಗಲೇ ಎಲ್ಲರ ಮಣಿಕಟ್ಟಿನಲ್ಲೂ ಒಂದು ನೀಲಿ ಚುಕ್ಕಿ ಇರುತ್ತದೆ. ಇಡೀ ಜೀವನದಲ್ಲಿ ಒಂದೇ ಒಂದು ತಪ್ಪಿಗೆ ಸರ್ಕಾರ ಕೊಡುವ ಮಾಫಿ ಅದು. ಬಳಸಿದ ಕೂಡಲೇ ಅಳಿಸಿಹೋಗುತ್ತದೆ. ನನ್ನ ಕಕ್ಷಿದಾರ ಮಹಾಂತೇಶನ ಕೈಯಲ್ಲಿ ಅದು ಇರಲಿಲ್ಲ.

"ಕಿಸೆದಾಗ ಗಾಂಜಾ ಸಿಕ್ಕಿದ್ದು ಇದ ಮೊದಲನೇ ಸಲ ಅಂತೀರಿ. ಮತ್ತ ಚುಕ್ಕಿ ಎಲ್ಲಿ?" ಎಂದು ಕೋರ್ಟಿನ ವರಾಂಡದಲ್ಲಿ ಕೇಳಿದೆ.

ಅವನ ಅಪ್ಪ ಗುರುಸಿದ್ದಪ್ಪ ಗಂಟಲು ಸರಿಮಾಡಿಕೊಂಡರು. "ಇಂವಾ ಸಣ್ಣಾವಿದ್ದಾಗ ನಾ ಹೆಲ್ಮೆಟ್ ಇಲ್ದ ಸಿಕ್ಕಬಿದ್ದಿದ್ದೆರಿ ಮೇಡಂ. ಮಕ್ಕಳ ಚುಕ್ಕಿ ಕೊಟ್ರೂ ನಡೀತೈತಿ ಅಂದ್ರು ಪೊಲೀಸ್ರು. ಇವಂದ ಕೊಟ್ಟೆ."

ನನಗೆ ತಲೆ ಕೆಟ್ಟುಹೋಯಿತು. ಸಿಗ್ನಲ್ ಜಿಗಿದದ್ದಕ್ಕೆ, ರಸ್ತೆಗೆ ಕಸ ಎಸೆದದ್ದಕ್ಕೆ ಊರಿಗೆ ಊರೇ ಮಕ್ಕಳ ಚುಕ್ಕಿ ಖರ್ಚುಮಾಡಿ ಕೂತಿದೆ.

"ಈಗ ಉಳಿದಿರೋದು ಎರಡ ದಾರಿ," ಎಂದೆ. "ತಪ್ಪು ಒಪ್ಕೊಂಡು ವರ್ಷಗಟ್ಟಲೆ ವ್ಯಸನಮುಕ್ತಿ ಕೇಂದ್ರದಾಗ ಇರಬೇಕು, ಕಾಲೇಜು ಗೀಲೇಜು ಮರ್ತಬಿಡಬೇಕು. ಇಲ್ಲಂದ್ರ ಮನ್ಯಾಗ ಯಾರರ ತಮ್ಮ ಚುಕ್ಕಿ ಬಿಟ್ಟುಕೊಡಬೇಕು. ಕೊಟ್ರ ಇವತ್ತ ಬಿಡ್ತಾರ."

ಗುರುಸಿದ್ದಪ್ಪ ಬೆರಳು ಮಡಚಿ ಮನೆಯವರನ್ನು ಎಣಿಸಿದರು. ಆಮೇಲೆ ಅವರ ಮುಖ ಅರಳಿತು.

"ಹಂಗಾರ ಚಿಂತಿ ಇಲ್ಲ ಬಿಡ್ರಿ. ಇವನ ತಂಗಿ ಈಗಷ್ಟ ಸಾಲಿಗೆ ಹೊಂಟಾಳ. ಅಕೀದು ಇನ್ನೂ ಹಂಗ ಐತಿ."

ಮಹಾಂತೇಶ ಮುಂದೆ ಬಂದ. ಅಪ್ಪನ ಅಂಗಿ ತೋಳಿನ ಗುಂಡಿ ಬಿಚ್ಚಿ, ತೋಳನ್ನು ಮೇಲಕ್ಕೆ ಸರಿಸಿದ. ಮಣಿಕಟ್ಟಿನ ನರೆತ ಕೂದಲಿನ ನಡುವೆ ನೀಲಿ ಚುಕ್ಕಿ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು.