ಕಪ್ಪಂಚಿನ ಲಕೋಟೆ

ಕರೆಗಂಟೆ ಒತ್ತಲು ಹೋದ ಬೆರಳನ್ನು ಫೋಲ್ಕ್‌ಮಾರ್ ಮೂರನೇ ಸಲ ಹಿಂದಕ್ಕೆ ತೆಗೆದ. ಕೋಟಿನ ಜೇಬಿನಲ್ಲಿ ಆ ಲಕೋಟೆ ಇತ್ತು. ಸುತ್ತಲೂ ಕಪ್ಪಂಚು. ಸಾವಿನ ಸುದ್ದಿ ಹೊತ್ತು ಬರುವ ಇಂಥ ಲಕೋಟೆಯನ್ನು ಯಾರೂ ನಿಂತು ಒಡೆಯುವುದಿಲ್ಲ. ಅವನೂ ಕುಳಿತೇ ಒಡೆದಿದ್ದ.

“ಅಂದು ಸೇತುವೆಯ ಮೇಲೆ ನನ್ನ ಮಗ ಹೆನ್ನಿಂಗನ ಕಿವಿಯಲ್ಲಿ ಇದ್ದದ್ದು ನಿಮ್ಮ ‘ಆಚೆಯ ಬಾಗಿಲು’ ಹಾಡು. ಭಾನುವಾರ ಮೂರಕ್ಕೆ ಬನ್ನಿ. ಹೇಳಬೇಕಾದದ್ದನ್ನು ಬರೆದು ಹೇಳಲಾರೆ. ಗುಡ್ರುನ್ ಲೇನಿಗ್, ಕೆಮ್ನಿಟ್ಸ್.”

ಡ್ರಮ್ಮಿನ ತಾಳ, ಗಿಟಾರಿನ ಅಬ್ಬರ, ನಡುವೆ ಫೋಲ್ಕ್‌ಮಾರನ ಗೊಗ್ಗರು ದನಿ. ‘ಬಾ, ಇಲ್ಲಿ ಯಾವ ನೋವೂ ಇಲ್ಲ’ ಎಂದು ಸತ್ತವರು ಬದುಕಿರುವವರನ್ನು ಕರೆಯುವ ಹಾಡದು. ಇಪ್ಪತ್ತೆರಡು ವರ್ಷ ಕಪ್ಪು ಬಟ್ಟೆ ತೊಟ್ಟ ಸಾವಿರಾರು ಅಭಿಮಾನಿಗಳು ಅದಕ್ಕೆ ದನಿಗೂಡಿಸಿದ್ದರು, ಅವನು ಬೀಗಿದ್ದ. ಸತ್ತ ಮೇಲೆ ಏನಿದೆ ಎಂದು ಅವನಿಗೇನು ಗೊತ್ತಿತ್ತು, ಮಣ್ಣು! ಪ್ರಾಸ ಕೂಡಿತ್ತು, ಬರೆದಿದ್ದ.

ಲಕೋಟೆ ಬಂದ ದಿನವೇ ತಂಡದ ವೀಬ್ಕೆಗೆ ಫೋನು ಮಾಡಿದ್ದ. “ಆ ಹಾಡನ್ನ ಇನ್ಮೇಲೆ ಹಾಡಲ್ಲ. ಡಿಸ್ಕೂ ಮಾರೋದು ಬೇಡ.”

“ಇಷ್ಟು ದಿನ ನೀನು ಕೊನೇ ಗದರಿಕೆ ಮಾತ್ರ ತೆಗಿ ಅಂತಿದ್ದೆ. ಈಗ ಇಡೀ ಡಿಸ್ಕೇ ಬೇಡ್ವಾ?” ಎಂದು ಅವಳು ನಕ್ಕಳು. ಹಾಡು ಮುಗಿದ ಮೇಲೆ ಡಿಸ್ಕಿನಲ್ಲಿ ನಾಲ್ಕು ನಿಮಿಷ ಮೌನ. ಅದರಾಚೆಗೆ, ಧ್ವನಿಮುದ್ರಣದ ದಿನ ಡ್ರಮ್ಮಿನವನನ್ನು ಮನೆಗೆ ಅಟ್ಟಲು ಫೋಲ್ಕ್‌ಮಾರ್ ಹಾಕಿದ್ದ ಗದರಿಕೆ. ಕೀಟಲೆಗೆಂದು ವೀಬ್ಕೆ ಅದನ್ನು ಹಾಗೇ ಉಳಿಸಿದ್ದಳು. ಇಂಥ ಹೊತ್ತಿನಲ್ಲೂ ತಮಾಷೆಯೇ ಎಂದು ಅವನು ಫೋನಿಟ್ಟುಬಿಟ್ಟಿದ್ದ.

ಅವನು ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು. ಸೊಂಟಕ್ಕೆ ಏಪ್ರನ್ ಕಟ್ಟಿದ ಹೆಂಗಸು, ಅರವತ್ತರ ಆಸುಪಾಸು.

“ಎಷ್ಟೊತ್ತು ನಿಲ್ತೀರಿ? ಕಿಟಕೀಲಿ ನೋಡ್ತಾನೇ ಇದ್ದೆ. ಶೂ ಬಿಚ್ಚಿ ಬನ್ನಿ.”

ಮೇಜಿನ ಮೇಲೆ ಮೂರು ಬಟ್ಟಲು, ಮೂರು ಚಮಚ. ಮನೆಯಲ್ಲಿ ಇದ್ದದ್ದು ಇಬ್ಬರೇ. ಮೂರನೆಯ ಬಟ್ಟಲಿನ ಮುಂದಿದ್ದ ಖಾಲಿ ಕುರ್ಚಿಯನ್ನು ನೋಡಿ ಫೋಲ್ಕ್‌ಮಾರ್ ಮುಖ ತಿರುಗಿಸಿದ.

“ಕಾಫಿ ಹೊತ್ತಿಗೆ ಕೇಕ್ ಕೊಡಬೇಕಿತ್ತು, ಸೂಪ್ ಮಾಡಿದೀನಿ. ಪಕ್ಕದ್ಮನೆಯೋರು ನಗ್ತಾರೆ, ನಗಲಿ ಬಿಡಿ,” ಎಂದರು ಗುಡ್ರುನ್. “ಅವತ್ತೂ ಇದನ್ನೇ ಮಾಡಿದ್ದೆ. ಎಷ್ಟೊತ್ತಾದ್ರೂ ಅವನು ಬರಲಿಲ್ಲ. ಕಾದೇ ಕಾದೆ.” ಅವರು ಸೌಟಿನಿಂದ ಸೂಪ್ ಕಲಕಿದರು.

ಇನ್ನು ತಡೆಯಲು ಅವನಿಂದಾಗಲಿಲ್ಲ. ಲಕೋಟೆ ತೆಗೆದು ಮೇಜಿನ ಮೇಲಿಟ್ಟು, ಹೆಂಗಸಿನ ಮುಂದೆ ತಲೆತಗ್ಗಿಸಿ ನಿಂತ.

“ಕ್ಷಮಿಸಿಬಿಡಿ ತಾಯಿ. ನಿಮ್ಮ ಮಗನ್ನ ನಾನೇ ಕೊಂದೆ.”

ಗುಡ್ರುನ್ ಅವನನ್ನು ನೋಡಿದರು, ಲಕೋಟೆಯನ್ನು ನೋಡಿದರು. ಸೌಟು ಪಾತ್ರೆಯೊಳಗೆ ಜಾರಿತು.

“ಅಯ್ಯೋ ದೇವರೇ! ಇದು ನಮ್ಮೆಜಮಾನ್ರು ಹೋದಾಗ ತಂದಿದ್ದು ಕಣ್ರೀ. ಒಂದು ಕಟ್ಟು ಮಿಕ್ಕಿತ್ತು. ಒಳ್ಳೇ ಲಕೋಟೆ, ಸುಮ್ನೆ ಯಾಕೆ ಎಸೀಬೇಕು ಅಂತ...”

ಮುಂಬಾಗಿಲಲ್ಲಿ ಕೀಲಿ ತಿರುಗಿತು. ಕಂಕುಳಲ್ಲಿ ಬ್ರೆಡ್ಡು ಅವುಚಿಕೊಂಡು ಒಳಗೆ ಬಂದ ಯುವಕ ಅತಿಥಿಯನ್ನು ಕಂಡು ನಿಂತಲ್ಲೇ ನಿಂತ. ಬ್ರೆಡ್ಡನ್ನು ಮೇಜಿನ ಮೇಲಿಟ್ಟ.

“ಹಾಡು ಮುಗೀತು, ನಾನು ಸೇತುವೆ ಮೇಲೆ ಹಾಗೇ ನಿಂತಿದ್ದೆ ಸಾರ್. ನಾಲ್ಕು ನಿಮಿಷ ಆದ್ಮೇಲೆ ಕಿವೀಲಿ ನೀವು ಬೈದ್ರಿ, ‘ಇನ್ನೂ ಇಲ್ಲೇ ಇದ್ದೀಯೇನೋ ಕತ್ತೆ? ಮನೆಗೆ ಹೋಗು, ನಿಮ್ಮಮ್ಮ ಮಾಡಿದ ಸೂಪ್ ಆರ್ತಾ ಇದೆ!’ ಅಂತ. ಅದಕ್ಕೇ ಬಂದ್ಬಿಟ್ಟೆ.”