ಹದಿನಾಲ್ಕು ಹೆಜ್ಜೆಯ ಅಡುಗೆಮನೆ

ಹುಬ್ಬಳ್ಳಿಯ ಒಂದು ಪುಟ್ಟ ಗೇಮ್ ಕಂಪನಿ... ಇರುವುದು ಆರೇ ಜನ.

ಅವರಲ್ಲಿ ಶಾಲ್ಮಲಾ ಹಿರಿಯಳು. ಗೇಮ್ ಒಳಗಿನ ಊರು, ಕೋಟೆ, ಓಣಿಗಳನ್ನು ಕಟ್ಟುವ ತಂಡ ಅವಳದು.

ಅಲ್ಲಿ ಕಟ್ಟಡ ಏಳುವುದು 'ಬ್ರಷ್'ಗಳಿಂದ. ಬಣ್ಣ ಹಚ್ಚುವ ಬ್ರಷ್ ಅಲ್ಲ... ಕಂಪ್ಯೂಟರಿನಲ್ಲಿ ಎಳೆದು ನಿಲ್ಲಿಸುವ ಗಟ್ಟಿ ತುಂಡುಗಳು. ಗೋಡೆಗೊಂದು, ನೆಲಕ್ಕೊಂದು, ಛಾವಣಿಗೊಂದು.

ಎರಡು ತುಂಡುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ಕಟ್ಟುವ ಸಾಫ್ಟ್‌ವೇರ್, ಅಂದರೆ ಎಡಿಟರ್, 'ಲೀಕ್' (ಸೋರಿಕೆ) ಎಂದು ನಿಂತುಬಿಡುತ್ತದೆ. ಇಡೀ ಊರಿಗೆ ಬೆಳಕೇ ಬರುವುದಿಲ್ಲ.

ಆ ಗುರುವಾರ ಆದದ್ದೂ ಅದೇ.

ಮರುದಿನ ಗೇಮ್ ನೋಡಲು ಪುಣೆಯಿಂದ ಜನ ಬರುವವರಿದ್ದರು. ಎಡಿಟರ್ ಮಾತ್ರ ಲೀಕ್, ಲೀಕ್ ಅನ್ನುತ್ತಿತ್ತು. ಜೊತೆಗೆ ಎಚ್ಚರಿಕೆಗಳ ಉದ್ದ ಪಟ್ಟಿ... ಅದರಲ್ಲಿ ಮುಕ್ಕಾಲು ಪಾಲು ಒಂದೇ ಮನೆಯವು.

ಕೊನೆಯ ಓಣಿಯ ಎರಡು ಕೋಣೆಯ ಮನೆ. ಕಟ್ಟಿದವನು ಬೆಟಗೇರಿಯ ಮೌನೇಶ. ಕೆಲಸಕ್ಕೆ ಸೇರಿ ವರ್ಷವಾಗಿತ್ತು.

ಆ ಮನೆ ನೋಡಿ ಶಾಲ್ಮಲಾಳಿಗೆ ರೇಗಿತು. ಒಂದು ಗೋಡೆಯೂ ಗ್ರಿಡ್‌ನ, ಅಂದರೆ ಪರದೆಯ ಚೌಕಳಿಯ, ಗೆರೆಯ ಮೇಲಿಲ್ಲ. ಅಡುಗೆಮನೆ ರೈಲು ಡಬ್ಬಿಯಂತೆ ಉದ್ದ, ಪಡಸಾಲೆ ಗೇಣಗಲ. ಗೋಡೆಯೊಳಗೇ ಗೋಡೆ ಹೊಕ್ಕಿದೆ...

"ಗೆರಿ ಮ್ಯಾಲೆ ಗ್ವಾಡಿ ಇಡ್ಲಿಕ್ಕೆ ಬರಂಗಿಲ್ಲೇನು ಇವಂಗ? ಎಲ್ಲಿದ್ದಾನ ಇವತ್ತ?"

ಪಕ್ಕದಲ್ಲಿದ್ದ ಇರ್ಫಾನ್ ಹೇಳಿದ, "ಎರಡ ದಿನ ರಜಾ ಹಾಕ್ಯಾನ್ರಿ ಮೇಡಂ, ಊರಿಗೆ ಹೋಗ್ಯಾನ. ಫೋನ್ ಹಚ್ಚಲೇನ್ರಿ?"

"ಬ್ಯಾಡ. ಅವಂಗ ತಿಳಿಸಿ ಹೇಳೋದ್ರಾಗ ನಾನೇ ಮಾಡಿ ಮುಗಸ್ತೀನಿ."

ಎಲ್ಲ ಮೂಲೆಗಳನ್ನೂ ಗೆರೆಗೆ ಎಳೆದಳು. ಒಂದರೊಳಗೊಂದು ಹೊಕ್ಕಿದ್ದ ಗೋಡೆಗಳನ್ನು ಅಳಿಸಿದಳು. ಅಡುಗೆಮನೆಯನ್ನು ಅರ್ಧಕ್ಕೆ ಕತ್ತರಿಸಿದಳು. ಒಂದು ತಾಸಿನಲ್ಲಿ ಮನೆ ಬೆಂಕಿಪೊಟ್ಟಣದಂತೆ ನೆಟ್ಟಗಾಯಿತು.

ಆದರೂ... ಲೀಕ್ ಹೋಗಲಿಲ್ಲ.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಅವಳು ಆಗ ಮಾಡಿದಳು. ಸಂದು ಎಲ್ಲಿದೆ ಎಂದು ತೋರಿಸಲು ಎಡಿಟರ್ ಒಂದು ಕೆಂಪು ಗೆರೆ ಎಳೆಯುತ್ತದೆ. ಅದನ್ನು ಹಿಡಿದು ಹೊರಟಳು.

ಗೆರೆ ಆ ಓಣಿಯ ಹತ್ತಿರವೂ ಸುಳಿಯಲಿಲ್ಲ. ನೇರ ಕೋಟೆಯ ಅಗಸಿ ಬಾಗಿಲಿಗೆ ಹೋಯಿತು. ಹೊಸ್ತಿಲ ಕೆಳಗೆ ಚಿಕ್ಕ ಸಂದು.

ಆ ಬಾಗಿಲು ಕಟ್ಟಿದವಳು... ಸ್ವತಃ ಶಾಲ್ಮಲಾ.

ಅರ್ಧ ನಿಮಿಷದಲ್ಲಿ ಮುಚ್ಚಿದಳು. ಊರಿಗೆ ಬೆಳಕು ಬಂತು. ಮರುದಿನ ಬಂದವರು ಖುಷಿಯಿಂದಲೇ ಹೋದರು.

ಶನಿವಾರ ಮೌನೇಶ ಬಂದ. ಕಂಪ್ಯೂಟರಿನಲ್ಲಿ ಕೊನೆಯ ಓಣಿ ತೆರೆದು ನೋಡಿದ. ಆಮೇಲೆ ಎದ್ದು ಅವಳ ಹತ್ತಿರ ಬಂದ.

"ಮೇಡಂ, ಕೊನಿ ಓಣಿ ಮನಿ... ಮೊದಲಿಂದು ಎಲ್ಲೆರ ಇರ್ತೈತೇನ್ರಿ?"

ಎಡಿಟರ್ ಇಟ್ಟುಕೊಳ್ಳುವುದು ಸೇವ್ ಮಾಡಿದ ಕೊನೆಯ ಹತ್ತು ಪ್ರತಿಗಳನ್ನು ಮಾತ್ರ. ಗುರುವಾರ ಅವಳು ಇಪ್ಪತ್ತಕ್ಕೂ ಹೆಚ್ಚು ಸಲ ಸೇವ್ ಮಾಡಿದ್ದಳು.

"ಇಲ್ಲ ಮೌನೇಶ. ಯಾಕ? ಭಾಳ ಸೊಟ್ಟ ಇತ್ತಲ್ಲ ಅದು."

"ಹೌದ್ರಿ, ಸೊಟ್ಟಾನ ಇತ್ತು. ನಮ್ಮ ತಂಗಿ ಹೇಳಿದ ಅಳತಿ ಅದು."

ತಂಗಿ ಕಸ್ತೂರಿಗೆ ಹುಟ್ಟಿನಿಂದ ಕಣ್ಣಿಲ್ಲ. ಅಣ್ಣ ಕಂಪ್ಯೂಟರಿನಲ್ಲಿ ಮನೆ ಕಟ್ಟುತ್ತಾನೆಂದು ಕೇಳಿ, "ನಮ್ಮನಿ ಕಟ್ಟೋ ಅಣ್ಣಾ, ಅಳತಿ ನಾ ಹೇಳ್ತೀನಿ" ಅಂದಿದ್ದಳು.

ಎರಡು ತಿಂಗಳು... ದಿನಾ ಊಟದ ಬಿಡುವಿನಲ್ಲಿ ಫೋನು. ಅವಳು ಗೋಡೆ ಹಿಡಿದು ನಡೆಯುತ್ತ ಹೆಜ್ಜೆ ಎಣಿಸುವಳು, ಇವನು ಇಲ್ಲಿ ಗೋಡೆ ನಿಲ್ಲಿಸುವನು.

ಚಿಕ್ಕಂದಿನಲ್ಲಿ ಕೈ ಸುಟ್ಟುಕೊಂಡಿದ್ದರಿಂದ ಅವಳಿಗೆ ಒಲೆ ಎಂದರೆ ಭಯ. ಅಲ್ಲಿ ಪುಟ್ಟಪುಟ್ಟ ಹೆಜ್ಜೆ... ಅದಕ್ಕೇ ಅಡುಗೆಮನೆ ಹದಿನಾಲ್ಕು ಹೆಜ್ಜೆ.

ಪಡಸಾಲೆಯಲ್ಲಿ ಅವ್ವ ಕೂತಿರುತ್ತಿದ್ದಳು. ಅಲ್ಲಿ ಧೈರ್ಯದ ದಾಪುಗಾಲು... ಅದಕ್ಕೇ ಅದು ನಾಲ್ಕೇ ಹೆಜ್ಜೆ.

ಎಲ್ಲ ಹೆಜ್ಜೆಗೂ ಒಂದೇ ಅಳತೆ ಹಿಡಿದದ್ದರಿಂದ ಲೆಕ್ಕ ಕೂಡದೆ ಗೋಡೆಯೊಳಗೆ ಗೋಡೆ ಹೊಕ್ಕಿತ್ತು. ಮೌನೇಶ ಅದನ್ನು ಹಾಗೇ ಬಿಟ್ಟಿದ್ದ.

"ಇನ್ನೊಮ್ಮೆ ಅಕಿನ್ನ ಕೇಳಿ ಕಟ್ಟೋಣಲ್ಲ, ನಾನೂ ಕೂಡ್ತೀನಿ" ಎಂದಳು ಶಾಲ್ಮಲಾ.

"ಹೋದ ತಿಂಗಳ ತೀರಿಕೊಂಡ್ಳ್ರಿ. ಕಾಮಣಿ ಬ್ಯಾನಿ ಆಗಿತ್ತು. ಗುರುವಾರ ತಿಂಗಳ ದಿವಸ ಇತ್ತು, ಅದಕ್ಕ ಹೋಗಿದ್ದೆ."

ಹೋದ ತಿಂಗಳು ಅವನು ನಾಲ್ಕು ದಿನ ರಜೆ ಕೇಳಿದ್ದು ಅವಳಿಗೆ ನೆನಪಾಯಿತು. ಯಾಕೆ ಎಂದು ಅವಳು ಕೇಳಿರಲಿಲ್ಲ...

"ಊರಾಗ ಮನಿ ಅದ ಅಲ್ಲ? ಟೇಪ್ ಹಿಡಿದು ಅಳೀಬಹುದು..."

"ಮನಿ ಐತ್ರಿ. ಟೇಪಿನಾಗ ಅಡಗಿಮನಿ ಎಂಟ ಫೂಟ್ ಬರ್ತೈತಿ. ಅಕಿ ಹೆಜ್ಜಿ ಟೇಪಿಗೆ ಸಿಗಂಗಿಲ್ರಿ."

ಇನ್ನೊಂದು ಮಾತನ್ನು ಶಾಲ್ಮಲಾ ಹೇಳದೇ ಇದ್ದಿದ್ದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ. ಆದರೂ ಹೇಳಿದಳು, "ಲೀಕ್ ನಿನ್ನ ಮನ್ಯಾಗ ಇರಲೇ ಇಲ್ಲ ಮೌನೇಶ. ನಾ ಕಟ್ಟಿದ ಅಗಸಿ ಬಾಗಲದಾಗ ಇತ್ತು."

ಅವನು ಸಿಟ್ಟಾಗಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

"ಇರ್ಲಿ ಬಿಡ್ರಿ" ಅಂದ, ಅಷ್ಟೇ. ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

ಮುಂದಿನ ವಾರ ಪೂರ್ತಿ, ಸಂಜೆ ಕೆಲಸ ಮುಗಿದ ಮೇಲೆ ಇಬ್ಬರೂ ಕೂತರು. ಅವನು ನೆನೆಸಿಕೊಂಡು ಹೇಳುವನು, ಅವಳು ಗೋಡೆ ನಿಲ್ಲಿಸುವಳು. ಅಡುಗೆಮನೆ ಹದಿನಾಲ್ಕು. ಪಡಸಾಲೆ ನಾಲ್ಕು. ಹೊಸ್ತಿಲಿನಿಂದ ನೀರಿನ ಕೊಡದವರೆಗೆ ಏಳು...

ಹಿತ್ತಲಿಗೆ ಬಂದಾಗ ಅವನ ಲೆಕ್ಕ ನಿಂತಿತು. ಕಣ್ಣು ಮುಚ್ಚಿದ. ಎದ್ದು ಆಫೀಸಿನೊಳಗೇ ನಾಲ್ಕು ಹೆಜ್ಜೆ ನಡೆದು ನೋಡಿದ.

"ಹಿತ್ತಲ ಎಷ್ಟ ಅಂದಿದ್ಳೋ... ನೆನಪ ಆಗವಲ್ದ್ರಿ."

"ಅಂದಾಜಿನ ಮ್ಯಾಲೆ ಹಾಕೋಣೇನು?"

"ಬ್ಯಾಡ್ರಿ. ಅಂದಾಜ ಹಾಕಿದ್ರ ಅದು ನಂದಾಗ್ತೈತಿ, ಅಕಿದಲ್ಲ."

ಆಚೆ ಏನೂ ಇಲ್ಲದಿರುವಾಗ ಹಿತ್ತಲ ಬಾಗಿಲು ತೆರೆದಿಟ್ಟರೆ ಮತ್ತೆ ಲೀಕ್. ಮೌನೇಶ ತಾನೇ ಒಂದು ತುಂಡು ಎಳೆದು ಬಾಗಿಲು ಮುಚ್ಚಿದ... ಎದ್ದು ಮುಖ ತೊಳೆಯಲು ಹೋದ.

ಆ ಖಾಲಿ ಕುರ್ಚಿಯ ಪಕ್ಕದಲ್ಲಿ ಕೂತು ಶಾಲ್ಮಲಾ ಅತ್ತಳು.

ಇನ್ನೊಬ್ಬರ ಸೊಟ್ಟವನ್ನು ನೆಟ್ಟಗೆ ಮಾಡುವ ಮೊದಲು, ಅದು ಯಾಕೆ ಹಾಗಿದೆ ಎಂದು ಒಂದು ಮಾತು ಕೇಳಿ.

ಕೇಳದೆಯೇ ನೀವು ತಿದ್ದಿಬಿಟ್ಟದ್ದು... ಯಾರನ್ನು?