ಐವತ್ತು ನಿಮಿಷದ ದೂರ

"ಇನ್ನೂರ ಎಂಬತ್ತು ಕಿಲೋಮೀಟರ್, ಐವತ್ತೇ ನಿಮಿಷದ ಹಾರಾಟ. ಅಮ್ಮನ ನೆನಪಾದಾಗಲೆಲ್ಲ ಹಾರಿ ಬರಬಹುದು. ಇಷ್ಟಕ್ಕೆ ಮುಖ ಯಾಕೆ ಊದಿಸ್ಕೊಂಡಿದ್ದೀಯಾ?" ಎನ್ನುತ್ತ, ತನ್ನೂರಿಗೆ ಹೊರಟಿದ್ದ ಭಾವೀ ಗಂಡ ತನ್ನ ಚೀಲವನ್ನು ತೂಕದ ಯಂತ್ರದ ಮೇಲಿಟ್ಟ. ವಿಮಾನ ನಿಲ್ದಾಣದ ಕೌಂಟರಿನ ಹಿಂದೆ ಕೂತಿದ್ದ ಅವಳು ಅದಕ್ಕೆ ಚೀಟಿ ಅಂಟಿಸಿದಳು. ಅವಳ ರಾಜೀನಾಮೆ ಪತ್ರವನ್ನು ಅವನೇ ಬರೆದು ತಂದು, ಸಹಿಯೊಂದು ಹಾಕಿದರೆ ಸಾಕೆಂದು ಅವಳ ಮುಂದೆ ಇಟ್ಟಿದ್ದ.

ಆ ವಿಮಾನದ ಹಣೆಬರಹ ಅವನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ಒಂದೇ, ಮಂಜು ಕವಿದರೆ ಅದೂ ಇಲ್ಲ. ನಿಲ್ದಾಣಕ್ಕೆ ಬರಲು ಒಂದು ಗಂಟೆ, ಕಾಯಲು ಎರಡು, ಇಳಿದ ಮೇಲೆ ಪೇಟೆ ಸೇರಲು ಇನ್ನೊಂದು. ಆರು ವರ್ಷ ಪ್ರಯಾಣಿಕರಿಂದ ಬೈಸಿಕೊಂಡು ಕಲಿತ ಲೆಕ್ಕ ಅದು. ಇವನೋ, ಟಿಕೆಟ್ಟಿನಲ್ಲಿ ಅಚ್ಚಾಗಿದ್ದ ಐವತ್ತು ನಿಮಿಷವನ್ನು ತಾನೇ ಕಂಡುಹಿಡಿದವನಂತೆ ಎದೆಯುಬ್ಬಿಸಿ ನಿಂತಿದ್ದ.

"ಅಷ್ಟು ಹತ್ತಿರ ಅಂದ್ಮೇಲೆ, ಮದುವೆ ಆದ ಮೇಲೆ ನೀವೇ ಇಲ್ಲಿಗೆ ಬಂದು ಇರಿ. ದಿನಾ ಆಫೀಸಿಗೆ ಹಾರ್ಕೊಂಡು ಹೋಗಿ ಬನ್ನಿ" ಎಂದಳು.

ಅವನು ಜೋರಾಗಿ ನಕ್ಕುಬಿಟ್ಟ. "ತಲೆ ಕೆಟ್ಟಿದ್ಯಾ ನಿಂಗೆ? ಅಷ್ಟು ದೂರ ಯಾರು ಓಡಾಡ್ತಾರೆ?"

ಅವಳು ಗುಂಡಿ ಒತ್ತಿದಳು. ಚೀಲ ಬೆಲ್ಟಿನ ಮೇಲೆ ಸಾಗಿಹೋಯಿತು. ಆಮೇಲೆ ಅವನು ತೊಡಿಸಿದ್ದ ಉಂಗುರವನ್ನು ಬೆರಳಿನಿಂದ ಬಿಡಿಸಿ, ಸಹಿಯಿಲ್ಲದ ಆ ಪತ್ರದಲ್ಲಿ ಸುತ್ತಿ, ಖಾಲಿಯಾದ ತೂಕದ ಯಂತ್ರದ ಮೇಲಿಟ್ಟಳು. ಅಂಕಿ ಸೊನ್ನೆ ಬಿಟ್ಟು ಕದಲಲಿಲ್ಲ.

"ಇದಕ್ಕೆ ಚೀಟಿ ಬೇಡ, ಕೈಯಲ್ಲೇ ತಗೊಂಡು ಹೋಗಿ" ಎಂದವಳು, ಅವನ ಬೆನ್ನ ಹಿಂದೆ ನಿಂತಿದ್ದ ಮುದುಕರೊಬ್ಬರನ್ನು ಕರೆದಳು. "ಬನ್ನಿ ತಾತ, ನಿಮ್ಮ ಸಾಮಾನು ಇಡಿ."